ಮಯೋನೀಸ್ ಇಲ್ಲದ ಎಗ್ ಸಲಾಡ್: ಕಟ್ಟಿದ ಮೊಸರಿನಿಂದ ಸಾಸಿವೆಯವರೆಗೆ

ಬೇಕಾಗಿದ್ದು ಇಷ್ಟೇ. ಬೆಳಗ್ಗೆ ಡಬ್ಬಿಗೆ ಹಾಕಿದ ಎಗ್ ಸಲಾಡ್ ಸ್ಯಾಂಡ್‌ವಿಚ್ ಮಧ್ಯಾಹ್ನ ಬಿಚ್ಚಿದಾಗಲೂ ತಿನ್ನುವ ಹಾಗಿರಬೇಕು. ಅದರಲ್ಲಿ ಮಯೋನೀಸ್ ಇರಬಾರದು. ತಿಂದವರು ಮುಖ ಸಿಂಡರಿಸಿ "ಏನಿದು, ಪಥ್ಯನಾ?" ಅಂತ ಕೇಳಬಾರದು. ಮೊದಲ ಎರಡು ಸುಲಭ. ಮೂರನೆಯದಕ್ಕೇ ಇಷ್ಟೆಲ್ಲ ಮೊಟ್ಟೆ ಖರ್ಚಾಗಿದ್ದು.

ಮಯೋ ಯಾಕೆ ಬೇಡ ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ರೆ ಅದನ್ನ ವಿಷ ಅಂತ ಕರೆಯುತ್ತಿದ್ದೇನೆ ಅಂದುಕೊಳ್ಳುತ್ತೀರಿ. ಒಳ್ಳೆಯ ಎಣ್ಣೆ, ಮೊಟ್ಟೆಯ ಹಳದಿ, ಸ್ವಲ್ಪ ಹುಳಿ, ಉಪ್ಪು. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ತೊಂದರೆ ಇರುವುದು ಅಳತೆಯಲ್ಲಿ. ನಿಜವಾದ ಮಯೋನೀಸ್‌ನಲ್ಲಿ ಮುಕ್ಕಾಲು ಪಾಲು ಎಣ್ಣೆಯೇ. ಒಂದು ದೊಡ್ಡ ಚಮಚ ಅಂದರೆ ಸುಮಾರು 14 ಗ್ರಾಂ, ಅದರಲ್ಲಿ 90ರಿಂದ 100 ಕ್ಯಾಲೊರಿ. ಎಗ್ ಸಲಾಡ್‌ಗೆ ಮೊಟ್ಟೆಗೊಂದು ಚಮಚ ಅನ್ನೋದು ಸಾಮಾನ್ಯ ಲೆಕ್ಕ, ಕೈ ಸಡಿಲ ಇರುವವರು ಇನ್ನೂ ಹಾಕುತ್ತಾರೆ. ಆರು ಮೊಟ್ಟೆಗೆ ಆರು ಚಮಚ ಅಂದರೆ ಮೊಟ್ಟೆಗಳಿಂದ ಬರುವ 420 ಕ್ಯಾಲೊರಿಗಿಂತ ಮಯೋದಿಂದ ಬರೋದೇ ಜಾಸ್ತಿ! ಮೊಟ್ಟೆ ಸಲಾಡ್ ಅಂತ ಹೆಸರು, ತಿನ್ನುವುದು ಎಣ್ಣೆ.

ಇನ್ನೊಂದು ಕಾರಣ ಹಸಿ ಮೊಟ್ಟೆ. ಮೊಟ್ಟೆಯನ್ನ ಬೇಯಿಸದೆ ಕಡೆಯುವ ಮಯೋದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿದುಕೊಳ್ಳುವ ಭಯ ಇದ್ದೇ ಇದೆ. ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿ ಒಂದು ವರ್ಷಕ್ಕೆ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದು ವರ್ಷಕ್ಕೆ ನಿಷೇಧಿಸಿದವು. ನಮ್ಮ ಸೆಖೆಯಲ್ಲಿ, ಡಬ್ಬಿಯಲ್ಲಿ ಗಂಟೆಗಟ್ಟಲೆ ಕೂರುವ ಊಟಕ್ಕೆ ಹಸಿ ಮೊಟ್ಟೆ ಹಾಕೋದು ನನಗೆ ಸರಿ ಕಾಣಲಿಲ್ಲ. ಹಾಗಂತ ಪ್ಯಾಕೆಟ್‌ನ ಎಗ್‌ಲೆಸ್ ಮಯೋ ತಂದರೆ ಅದರಲ್ಲಿ ಹಸಿ ಮೊಟ್ಟೆ ಇರೋದಿಲ್ಲ, ನಿಜ. ಆದರೆ ಹಿಂದೆ ತಿರುಗಿಸಿ ಲೇಬಲ್ ಓದಿ. ಎಣ್ಣೆ, ನೀರು, ಸಕ್ಕರೆ, ಪಿಷ್ಟ, ಉಪ್ಪು. ಮೊಟ್ಟೆಗೆ ಸಕ್ಕರೆ ಯಾಕೆ ಬೇಕು ಹೇಳಿ?

ಸರಿ, ಕೆಲಸಕ್ಕೆ ಬರೋಣ.

ಬದಲಿ ಹುಡುಕುವ ಮುಂಚೆ ಮಯೋ ಅಲ್ಲಿ ಏನು ಮಾಡುತ್ತಿದೆ ಅಂತ ನೋಡಬೇಕು. ತುಂಡುಗಳನ್ನ ಒಟ್ಟಿಗೆ ಹಿಡಿದಿಡುತ್ತದೆ. ನಾಲಿಗೆಗೆ ಜಿಡ್ಡು ಕೊಡುತ್ತದೆ, ಯಾಕಂದರೆ ಬೆಂದ ಮೊಟ್ಟೆ ಬಾಯಿ ಒಣಗಿಸುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಉಪ್ಪು. ಇವೆಲ್ಲ ಎಲ್ಲರಿಗೂ ಗೊತ್ತು. ಗೊತ್ತಾಗದೆ ನಡೆಯುವ ಕೆಲಸ ಇನ್ನೊಂದಿದೆ: ಅದು ನೀರು ಬಿಡೋದಿಲ್ಲ. ಮಯೋದಲ್ಲಿ ನೀರು ಇರೋದೇ ಕಡಿಮೆ, ಇರುವಷ್ಟು ನೀರೂ ಒತ್ತೊತ್ತಾಗಿ ತುಂಬಿದ ಎಣ್ಣೆಯ ಸಣ್ಣ ಹನಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹರಿದು ಬ್ರೆಡ್‌ಗೆ ಇಳಿಯೋಕೆ ದಾರಿ ಇಲ್ಲ. ಮೊಸರಿನಲ್ಲಿ ಹಾಗಲ್ಲ, ಅಲ್ಲಿ ನೀರು ಓಡಾಡಿಕೊಂಡಿರುತ್ತದೆ. ಉಪ್ಪು ಬಿದ್ದ ತಕ್ಷಣ ಈರುಳ್ಳಿ, ಸೌತೆಕಾಯಿ ಎಲ್ಲ ತಮ್ಮ ನೀರನ್ನೂ ತಂದು ಸೇರಿಸುತ್ತವೆ. "ಮಯೋ ಬದಲು ಮೊಸರು ಹಾಕಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಅದನ್ನ ಕೇಳಿ ಮಾಡಿದ ಸ್ಯಾಂಡ್‌ವಿಚ್ ಮಧ್ಯಾಹ್ನಕ್ಕೆ ಮುದ್ದೆಯಾಗೋದು ಇದೇ ಕಾರಣಕ್ಕೆ.

ಹಾಗಾಗಿ ಒಂದು ಪರೀಕ್ಷೆ ಇಟ್ಟುಕೊಂಡೆ. ಟೀ ಸೋಸುವ ಸ್ಟೀಲ್ ಜಾಲರಿಯನ್ನ ಒಂದು ಗಾಜಿನ ಲೋಟದ ಮೇಲೆ ಇಡುವುದು. ಕಲಸಿದ ಸಲಾಡ್ ಎರಡು ದೊಡ್ಡ ಚಮಚ ಅದರಲ್ಲಿ ಹಾಕಿ, ಮೇಲೆ ಒಂದು ತಟ್ಟೆ ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡುವುದು. ಬೆಳಗ್ಗೆ ಲೋಟದ ತಳ ನೋಡುವುದು. ಹೋಲಿಕೆಗೆ ಮಯೋ ಹಾಕಿದ ಒಂದು ಜಾಲರಿಯನ್ನೂ ಪಕ್ಕದಲ್ಲೇ ಇಟ್ಟೆ. ಆ ಲೋಟ ಒಣಗಿಯೇ ಇತ್ತು. ಪ್ಯಾಕೆಟ್ ಮೊಸರನ್ನ ಹಾಗೇ ಕಲಸಿದ ಲೋಟದಲ್ಲಿ ತಿಳಿ ಹಳದಿ ನೀರು ಬೆರಳ ದಪ್ಪ ನಿಂತಿತ್ತು, ಜಾಲರಿಯ ಅಡಿಯಲ್ಲಿ ಇನ್ನೂ ಒಂದು ಹನಿ ಜೋತಾಡುತ್ತಿತ್ತು. ಆ ನೀರನ್ನ ಚಮಚದಲ್ಲಿ ತೆಗೆದು ರುಚಿ ನೋಡಿ: ಉಪ್ಪು, ಈರುಳ್ಳಿ ಘಾಟು, ಮೆಣಸು ಎಲ್ಲ ಅದರಲ್ಲೇ ಇದೆ. ಬ್ರೆಡ್ ಒದ್ದೆಯಾಗೋದು ಒಂದು ಕಡೆ, ಹಾಕಿದ ರುಚಿಯೂ ಅದರ ಜೊತೆ ಇಳಿದು ಹೋಗುತ್ತದೆ.

ಮೊಟ್ಟೆ

ಇದನ್ನ ಎಲ್ಲರೂ ಹಾರಿಸಿಬಿಡುತ್ತಾರೆ, ಆದರೆ ಅರ್ಧ ಸಮಸ್ಯೆ ಇಲ್ಲೇ ಪರಿಹಾರ ಆಗುತ್ತದೆ. ನಾನು ಈಗ ಮೊಟ್ಟೆಯನ್ನ ನೀರಲ್ಲಿ ಮುಳುಗಿಸಿ ಬೇಯಿಸುವುದನ್ನೇ ಬಿಟ್ಟಿದ್ದೇನೆ. ಇಡ್ಲಿ ಪಾತ್ರೆಯೇ ಸಾಕು. ತಳದಲ್ಲಿ ನೀರು ಕುದ್ದು ಹಬೆ ಚೆನ್ನಾಗಿ ಬಂದ ಮೇಲೆ ಫ್ರಿಜ್‌ನಿಂದ ತೆಗೆದ ಮೊಟ್ಟೆಗಳನ್ನ ಇಡ್ಲಿ ಗುಳಿಗಳಲ್ಲಿ ಒಂದೊಂದೇ ಕೂರಿಸಿ, ಮುಚ್ಚಿ, 12 ನಿಮಿಷ. ತಣ್ಣೀರಲ್ಲಿ ಮೊಟ್ಟೆ ಇಟ್ಟು ನಿಧಾನಕ್ಕೆ ಕಾಯಿಸಿದರೆ ಬಿಳಿ ಭಾಗ ಒಳಗಿನ ಪೊರೆಗೆ ಕಚ್ಚಿಕೊಳ್ಳುತ್ತದೆ. ಒಮ್ಮೆಲೇ ಬಿಸಿ ತಾಕಿದರೆ ಬಿಡಿಸಿಕೊಂಡು ಬರುತ್ತದೆ. ತೀರಾ ತಾಜಾ ಮೊಟ್ಟೆಯಂತೂ ಸುಲಿಯೋಕೆ ಹಟ ಮಾಡುತ್ತದೆ. ಮೊಟ್ಟೆ ಹಳೆಯದಾದ ಹಾಗೆ ಒಳಗಿನ ಇಂಗಾಲದ ಡೈಆಕ್ಸೈಡ್ ಚಿಪ್ಪಿನ ರಂಧ್ರಗಳಿಂದ ಹೊರಗೆ ಹೋಗಿ ಬಿಳಿ ಭಾಗ ಕ್ಷಾರೀಯವಾಗುತ್ತದೆ, ಆಗ ಪೊರೆಯ ಹಿಡಿತ ಸಡಿಲ ಆಗುತ್ತದೆ. ವಾರದ ಹಿಂದೆ ತಂದ ಮೊಟ್ಟೆ ಇದ್ದರೆ ಸಲಾಡ್‌ಗೆ ಅದನ್ನೇ ತೆಗೆದುಕೊಳ್ಳಿ, ತಾಜಾದ್ದನ್ನ ಆಮ್ಲೆಟ್‌ಗೆ ಇಡಿ.

12 ನಿಮಿಷ ಆದ ಕೂಡಲೇ ತಣ್ಣೀರಿಗೆ ಹಾಕಬೇಕು, ಐಸ್ ಇದ್ದರೆ ಇನ್ನೂ ಒಳ್ಳೆಯದು. ಹೆಚ್ಚು ಬೆಂದರೆ ಹಳದಿಯ ಸುತ್ತ ಹಸಿರು ಬಳೆ ಬರುತ್ತದಲ್ಲ, ಅದು ಬಿಳಿ ಭಾಗದ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಆಗೋದು. ತಿಂದರೆ ಏನೂ ಆಗೋದಿಲ್ಲ, ಆದರೆ ವಾಸನೆ ಬರುತ್ತದೆ. ಮಯೋ ಇದ್ದಾಗ ಆ ವಾಸನೆ ಮುಚ್ಚಿಹೋಗುತ್ತಿತ್ತು, ಮೊಸರಿನಲ್ಲಿ ಮುಚ್ಚೋದಿಲ್ಲ.

ಸುಲಿದ ಮೊಟ್ಟೆಗಳನ್ನ ಒಂದು ಬಟ್ಟೆಯ ಮೇಲೆ ಉರುಳಿಸಿ ಒರೆಸಿ. ಸುಮ್ನೆ ಹೇಳುತ್ತಿಲ್ಲ, ಮೊಟ್ಟೆಗೆ ಅಂಟಿದ ನೀರೂ ಲೋಟದಲ್ಲಿ ಕಾಣುತ್ತದೆ. ಆಮೇಲೆ ಹಳದಿ ಬೇರೆ, ಬಿಳಿ ಬೇರೆ ಮಾಡಿ. ಬಿಳಿಯನ್ನ ಬಟಾಣಿ ಗಾತ್ರಕ್ಕೆ ಚಾಕುವಿನಲ್ಲೇ ಹೆಚ್ಚಿ. ತುರಿಯಬೇಡಿ, ತುರಿದರೆ ನೀರು ಬಿಡೋದು ಜಾಸ್ತಿ. ಹಳದಿಗಳನ್ನ ಪಕ್ಕಕ್ಕಿಡಿ, ಅವೇ ಮುಂದೆ ಇಡೀ ಆಟ ಗೆಲ್ಲಿಸಿಕೊಡುವುದು.

ಕಟ್ಟಿದ ಮೊಸರು

ಪ್ಯಾಕೆಟ್ ಮೊಸರನ್ನ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದು ಮುಂದಿನ ಹೆಜ್ಜೆ. ನಂದಿನಿ ಮೊಸರಿನ 500 ಗ್ರಾಂ ಪ್ಯಾಕೆಟ್, ತೊಳೆದ ಹಳೇ ಪಂಚೆಯ ತುಂಡು, ಒಂದು ಜರಡಿ, ಕೆಳಗೆ ಪಾತ್ರೆ. ನಲ್ಲಿಗೆ ನೇತು ಹಾಕುವ ಪದ್ಧತಿ ಶ್ರೀಖಂಡಕ್ಕೆ ಸರಿ, ಇದಕ್ಕೆ ಬೇಡ. ಹೊರಗೆ ನೇತಾಡಿದಷ್ಟು ಹೊತ್ತೂ ಮೊಸರು ಹುಳಿಯಾಗುತ್ತಲೇ ಇರುತ್ತದೆ. ಜರಡಿಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ, ಮೇಲೆ ಒಂದು ಸಣ್ಣ ತಟ್ಟೆ, ಅದರ ಮೇಲೆ ಒಂದು ಲೋಟ ನೀರು ಭಾರಕ್ಕೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ 500 ಗ್ರಾಂ ಇದ್ದದ್ದು 220 ಗ್ರಾಂ ಆಸುಪಾಸಿಗೆ ಬಂದಿರುತ್ತದೆ. ಚಮಚದಲ್ಲಿ ಎತ್ತಿ ತಲೆಕೆಳಗು ಮಾಡಿದರೆ ಬೀಳಬಾರದು, ಅದೇ ಹದ. ಇಳಿದ ತಿಳಿನೀರನ್ನ ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸೋಕೆ ಅಷ್ಟು ಒಳ್ಳೆಯ ನೀರು ಬೇರೆ ಇಲ್ಲ.

ಅಂಗಡಿಯ ಗ್ರೀಕ್ ಯೋಗರ್ಟ್ ಡಬ್ಬಿಯೂ ಇದೇ ಕೆಲಸ ಮಾಡುತ್ತದೆ, ಸಿಹಿ ಹಾಕದ್ದು ಸಿಕ್ಕಿದರೆ. ಬೆಲೆ ನೋಡಿದರೆ ಪಂಚೆಯ ತುಂಡೇ ವಾಸಿ.

ಈ ಮೊಸರಿನಲ್ಲಿ ಕಲಸಿದ ಸಲಾಡ್ ಲೋಟದಲ್ಲಿ ಬಿಟ್ಟ ನೀರು ಒಂದು ಸಣ್ಣ ಚಮಚದಷ್ಟು ಮಾತ್ರ. ದೊಡ್ಡ ಸುಧಾರಣೆ. ಆದರೆ ರುಚಿ? ಮೊಟ್ಟೆ ಬಿದ್ದ ಮೊಸರುಬಜ್ಜಿ. ಹುಳಿ ಮುಂದೆ ಬರುತ್ತದೆ, ಮೊಟ್ಟೆ ಹಿಂದೆ ಸರಿಯುತ್ತದೆ, ಬಾಯಲ್ಲಿ ಜಿಡ್ಡೇ ಇಲ್ಲ. ನಮಗೆ ಮೊಸರು ಅಂದ ಕೂಡಲೇ ಅನ್ನ ನೆನಪಾಗೋದರಿಂದಲೋ ಏನೋ, ಬ್ರೆಡ್ ಜೊತೆ ಅದು ಹೊಂದಲೇ ಇಲ್ಲ. ಜೊತೆಗೆ ಏನಾದರೂ ಬೇಕು ಅಂತ ಇಲ್ಲೇ ಗೊತ್ತಾಯಿತು.

ಒಂದು ಎಚ್ಚರಿಕೆ. ನುಣ್ಣಗಾಗಲಿ ಅಂತ ಕಟ್ಟಿದ ಮೊಸರನ್ನ ಮಿಕ್ಸಿಗೆ ಹಾಕಬೇಡಿ. ಅದರ ಗಟ್ಟಿತನ ಇರೋದು ಹಾಲಿನ ಪ್ರೋಟೀನ್ ಹೆಣೆದುಕೊಂಡ ಬಲೆಯಲ್ಲಿ, ಬ್ಲೇಡ್ ಆ ಬಲೆಯನ್ನ ಹರಿದು ಹಾಕುತ್ತದೆ. ರಾತ್ರಿಯೆಲ್ಲ ಕಾದು ಗಟ್ಟಿ ಮಾಡಿದ್ದು ಅರ್ಧ ನಿಮಿಷದಲ್ಲಿ ಮಜ್ಜಿಗೆ. ಚಮಚದಲ್ಲಿ ತಿರುವಿದರೆ ಸಾಕು.

ಬೆಣ್ಣೆಹಣ್ಣು ಮತ್ತು ಉಳಿದವು

ಬೆಣ್ಣೆಹಣ್ಣಿಗೆ, ಅಂದರೆ ಜ್ಯೂಸ್ ಅಂಗಡಿಯ ಬಟರ್ ಫ್ರೂಟ್‌ಗೆ, ನನ್ನ ಮನಸ್ಸು ಇನ್ನೂ ಸ್ವಲ್ಪ ವಾಲುತ್ತದೆ. ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ನಡುವೆ ಬೆಳೆಯುವ ಹಣ್ಣು, ಮಳೆಗಾಲದಲ್ಲಿ ಬೆಂಗಳೂರಿನ ಗಾಡಿಗಳ ಮೇಲೂ ರಾಶಿ ಬೀಳುತ್ತದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಲ್ಲಿ ಇದರ ತಳಿಗಳ ಮೇಲೆ ಕೆಲಸವೂ ನಡೆದಿದೆ. 100 ಗ್ರಾಂ ತಿರುಳಿನಲ್ಲಿ ಸುಮಾರು 160 ಕ್ಯಾಲೊರಿ, 15 ಗ್ರಾಂ ಕೊಬ್ಬು, ಜೊತೆಗೆ ಒಳ್ಳೆ ನಾರಿನಂಶ. ಕೊಬ್ಬು ಹೆಚ್ಚಿನಂಶ ಆಲಿವ್ ಎಣ್ಣೆಯಲ್ಲಿರುವ ಜಾತಿಯದ್ದು. ಮಾಗಿದ್ದನ್ನ ಫೋರ್ಕ್‌ನಲ್ಲಿ ಹಿಸುಕಿ, ನಿಂಬೆ, ಉಪ್ಪು, ಕಾಳುಮೆಣಸು ಹಾಕಿ ಮೊಟ್ಟೆ ಕಲಸಿದರೆ ಮಯೋ ಕೊಡುವ ಜಿಡ್ಡು ಪೂರ್ತಿ ಸಿಗುತ್ತದೆ, ಲೋಟದಲ್ಲೂ ನೀರಿಲ್ಲ. ಆಗಷ್ಟೇ ಮಾಡಿ ತಿನ್ನುವುದಾದರೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.

ಡಬ್ಬಿಗೆ ಮಾತ್ರ ಆಗೋದಿಲ್ಲ. ಕತ್ತರಿಸಿದ ಬದನೆಕಾಯಿಯನ್ನ ಕಪ್ಪಾಗಿಸುವ ಅದೇ ಜಾತಿಯ ಕಿಣ್ವ ಇದರಲ್ಲೂ ಇದೆ, ನಿಂಬೆಹುಳಿ ಅದನ್ನ ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸೋದಿಲ್ಲ. ಮಧ್ಯಾಹ್ನಕ್ಕೆ ಅಂಚೆಲ್ಲ ಕಂದು. ರುಚಿ ಅಷ್ಟೇನೂ ಕೆಟ್ಟಿರೋದಿಲ್ಲ, ಆದರೆ ಆಫೀಸಿನಲ್ಲಿ ಪಕ್ಕದವರು ನೋಡುವಾಗ ಹಸಿರು-ಕಂದು ಬಣ್ಣದ ಮೊಟ್ಟೆ ತಿನ್ನೋಕೆ ಧೈರ್ಯ ಬೇಕು. ಮತ್ತೆ ಹಣ್ಣಿಂದ ಹಣ್ಣಿಗೆ ವ್ಯತ್ಯಾಸ ಜಾಸ್ತಿ. ಕೆಲವು ದೊಡ್ಡ ಹಸಿರು ಹಣ್ಣುಗಳು ನೀರುನೀರು, ಕೆಲವು ನಿಜಕ್ಕೂ ಬೆಣ್ಣೆ. ಕುಯ್ಯುವ ತನಕ ಗೊತ್ತಾಗೋದಿಲ್ಲ. ಸೀಸನ್ ಅಲ್ಲದಾಗ ಬೆಲೆಯಂತೂ ಕೇಳಲೇಬೇಡಿ.

ನೆನೆಸಿದ ಗೋಡಂಬಿ ರುಬ್ಬಿ ಹಾಕಿ ನೋಡಿದೆ. ನುಣುಪು ಚೆನ್ನಾಗಿದೆ, ಆದರೆ ಸಿಹಿ, ಮತ್ತೆ 30 ಗ್ರಾಂ ಗೋಡಂಬಿಯಲ್ಲಿ 165 ಕ್ಯಾಲೊರಿ ದಾಟುತ್ತದೆ. ಎಣ್ಣೆ ಬಿಟ್ಟು ಗೋಡಂಬಿ ಹಿಡಿದರೆ ಉಳಿಸಿದ್ದೇನು? ಕಡಲೆಕಾಯಿ ಬೀಜದ ಪೇಸ್ಟ್ ಹಾಕಿದರೆ ಅದು ಚಟ್ನಿ, ಮೊಟ್ಟೆ ಎಲ್ಲಿದೆ ಅಂತ ಹುಡುಕಬೇಕು. ಬೇಯಿಸಿದ ಕಾಬೂಲಿ ಕಡಲೆ ರುಬ್ಬಿ ಮಾಡುವ ಹಮ್ಮಸ್ ಗಟ್ಟಿಯಾಗಿ ಹಿಡಿಯುತ್ತದೆ, ನೀರು ಒಂದು ಹನಿಯೂ ಬಿಡೋದಿಲ್ಲ, ನಾರು, ಪ್ರೋಟೀನ್ ಎರಡೂ ಸಿಗುತ್ತವೆ. ಆದರೆ ಒಣ ಮೊಟ್ಟೆಗೆ ಒಣ ಕಡಲೆ ಸೇರಿ ಗಂಟಲಲ್ಲಿ ಇಳಿಯೋಕೆ ನೀರು ಕುಡಿಯಬೇಕು. ಪನೀರನ್ನ ಸ್ವಲ್ಪ ಮೊಸರಿನ ತಿಳಿಯ ಜೊತೆ ಮಿಕ್ಸಿಯಲ್ಲಿ ತಿರುಗಿಸಿದ್ದು ಮಾತ್ರ ನಿರೀಕ್ಷೆಗಿಂತ ಚೆನ್ನಾಗಿ ಬಂತು. ಸಪ್ಪೆ, ಆದರೆ ಕೆನೆಯ ಹಾಗೆ ನುಣ್ಣಗೆ, ನೀರೂ ಬಿಡೋದಿಲ್ಲ. ಮೊಸರಿನ ಹುಳಿ ಹಿಡಿಸದವರ ಮನೆಗೆ ಅದು ಇರಲಿ.

ಸಾಸಿವೆ

ಈಗ ನಿಜವಾದ ವಿಷಯ. ಮಲೆನಾಡು, ಕರಾವಳಿ ಕಡೆ ಸಾಸಿವೆ ಅಂತ ಒಂದು ಅಡುಗೆ ಮಾಡುತ್ತಾರೆ. ಸೌತೆಕಾಯಿ ಸಾಸಿವೆ, ಬಾಳೆದಿಂಡಿನ ಸಾಸಿವೆ, ಮಾವಿನಹಣ್ಣಿನ ಸಾಸಿವೆ. ತೆಂಗಿನತುರಿ, ಹಸಿಮೆಣಸು, ಹಸಿ ಸಾಸಿವೆಕಾಳು ರುಬ್ಬಿ ಮೊಸರಿಗೆ ಸೇರಿಸುವುದು. ಒಲೆಯ ಮೇಲೆ ಇಡುವ ಕೆಲಸವೇ ಇಲ್ಲ, ಇಟ್ಟರೆ ಒಗ್ಗರಣೆಗಷ್ಟೇ. ಮಯೋ ಪಟ್ಟಿ ತೆಗೆದು ಹೋಲಿಸಿ ನೋಡಿ: ಕೊಬ್ಬಿಗೆ ತೆಂಗು, ಹುಳಿಗೆ ಮೊಸರು, ಘಾಟಿಗೆ ಸಾಸಿವೆ. ಬೇಕಾದ್ದೆಲ್ಲ ಒಂದೇ ಬಟ್ಟಲಲ್ಲಿ ಇದೆ. ಗಟ್ಟಿ ಮಾಡೋದು ಹೇಗೆ ಅನ್ನೋದು ಮಾತ್ರ ಉಳಿದದ್ದು.

ಇಲ್ಲಿ ಹಳದಿ ಕೈ ಕೊಡುತ್ತದೆ, ಒಳ್ಳೆಯ ಅರ್ಥದಲ್ಲಿ. ಮಯೋದಲ್ಲಿ ಎಣ್ಣೆ-ನೀರನ್ನ ಕೂಡಿಸಿ ಹಿಡಿಯುವ ಲೆಸಿಥಿನ್ ಹಳದಿಯಲ್ಲೇ ಇರೋದು. ಬೆಂದ ಹಳದಿಯಲ್ಲೂ ಆ ಶಕ್ತಿ ಸ್ವಲ್ಪ ಉಳಿದಿರುತ್ತದೆ. ಫ್ರೆಂಚರ ಗ್ರಿಬಿಶ್ ಅನ್ನುವ ಸಾಸ್ ಬೆಂದ ಹಳದಿಗೆ ಸಾಸಿವೆ ಪೇಸ್ಟ್, ಎಣ್ಣೆ ಹಾಕಿ ಕಡೆದೇ ಮಾಡೋದು. ಅಂದ ಮೇಲೆ ಆರು ಹಳದಿ ಕೈಯಲ್ಲೇ ಇರುವಾಗ ಹೊರಗಿನ ಮಯೋ ಯಾಕೆ? ಸಾಸಿವೆಯ ಸಿಪ್ಪೆಯಲ್ಲೂ ಒಂದು ಅಂಟು ಇದೆ, ಹಳದಿ ಸಾಸಿವೆಯಲ್ಲಿ ಜಾಸ್ತಿ, ಅದೂ ಕೂಡಿಸೋಕೆ ನೆರವಾಗುತ್ತದೆ.

ಸಾಸಿವೆ ರುಬ್ಬೋದರಲ್ಲಿ ಒಂದು ಲೆಕ್ಕ ಇದೆ. ಇಡೀ ಕಾಳು ಮೂಗಿಗೆ ಹಿಡಿದರೂ ಘಾಟಿಲ್ಲ. ಕಾಳಿನೊಳಗೆ ಸಿನಿಗ್ರಿನ್ ಅನ್ನುವ ವಸ್ತು ಒಂದು ಕಡೆ, ಮೈರೋಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆ ಕೂತಿರುತ್ತವೆ. ಕಾಳು ಒಡೆದು ನೀರು ತಾಕಿದಾಗ ಎರಡೂ ಸೇರಿ ಮೂಗಿಗೆ ಏರುವ ಆ ಖಾರ ಹುಟ್ಟುತ್ತದೆ. ಅದಕ್ಕೆ ಕೆಲವು ನಿಮಿಷ ಬೇಕು. ಬಿಸಿನೀರು ಹಾಕಿದರೆ ಕಿಣ್ವ ಸತ್ತು ಕಹಿ ಮಾತ್ರ ಉಳಿಯುತ್ತದೆ. ಶುರುವಿನಲ್ಲೇ ಹುಳಿ ಹಾಕಿದರೆ ಘಾಟು ಪೂರ್ತಿ ಬೆಳೆಯೋದಿಲ್ಲ, ಬೆಳೆದ ಮೇಲೆ ಹಾಕಿದರೆ ಬೇಗ ಹಾರಿಹೋಗದ ಹಾಗೆ ಹಿಡಿದಿಡುತ್ತದೆ. ಹಾಗಾಗಿ ಕ್ರಮ ಹೀಗೆ: ಮುಕ್ಕಾಲು ಸಣ್ಣ ಚಮಚ ಸಾಸಿವೆಯನ್ನ ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಅರಿಶಿನದ ಜೊತೆ ಕುಟ್ಟಾಣಿಯಲ್ಲಿ ಪುಡಿ ಮಾಡಿ, ಎರಡು ಸಣ್ಣ ಚಮಚ ತಣ್ಣೀರು ಹಾಕಿ ಅರೆದು, ಹತ್ತು ನಿಮಿಷ ಸುಮ್ನೆ ಬಿಡಿ. ಕುಟ್ಟಾಣಿಗೆ ಮೂಗು ಹತ್ತಿರ ತಂದು ನೋಡಿದರೆ ಕಣ್ಣಲ್ಲಿ ನೀರು ಬರಬೇಕು. ಬಂದರೆ ಸರಿ.

ಮಿಕ್ಸಿಯಲ್ಲಿ ಇಷ್ಟು ಕಮ್ಮಿ ಸಾಸಿವೆ ರುಬ್ಬೋಕೆ ಹೋದರೆ ಕಾಳುಗಳು ಬ್ಲೇಡಿನ ಸುತ್ತ ಓಡಾಡುತ್ತವೆ, ಅರೆಯೋದಿಲ್ಲ. ಜಾಸ್ತಿ ಹೊತ್ತು ಓಡಿಸಿದರೆ ಜಾರ್ ಬಿಸಿಯಾಗಿ ಕಹಿ. ಕುಟ್ಟಾಣಿ ಇಲ್ಲದವರು ಒಮ್ಮೆಗೆ ನಾಲ್ಕು ಚಮಚ ಪುಡಿ ಮಾಡಿ ಒಣದಾಗಿ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದು.

ತೆಂಗಿನತುರಿ ಎರಡು ದೊಡ್ಡ ಚಮಚ ಮಾತ್ರ, ಸುಮಾರು 15 ಗ್ರಾಂ. ತೆಂಗಿನ ಕೊಬ್ಬು ಸ್ಯಾಚುರೇಟೆಡ್ ಜಾತಿಯದ್ದು, ಹೃದಯದ ದೃಷ್ಟಿಯಿಂದ ಧಾರಾಳ ಮಾಡೋಕೆ ಕಾರಣ ಇಲ್ಲ. ಇಷ್ಟು ಸಾಕು ಕೂಡ. ಅರ್ಧ ಹಸಿಮೆಣಸಿನಕಾಯಿ ಸೇರಿಸಿ, ಮೊಸರಿನಿಂದ ಇಳಿದ ತಿಳಿಯನ್ನೇ ಒಂದು ಚಮಚ ಹಾಕಿ ಚಟ್ನಿ ಜಾರಿನಲ್ಲಿ ನುಣ್ಣಗೆ ರುಬ್ಬಿ. ತರಿತರಿ ಇದ್ದರೆ ಬ್ರೆಡ್ ಜೊತೆ ಹಲ್ಲಿಗೆ ಸಿಗುತ್ತದೆ, ಅದು ಅನ್ನಕ್ಕೆ ಸರಿ, ಸ್ಯಾಂಡ್‌ವಿಚ್‌ಗೆ ಬೇಡ. ಬೇಸಿಗೆಯಲ್ಲಿ ಹಸಿ ತೆಂಗು ಬೇಗ ಹಳಸುತ್ತದೆ, ಆ ತಿಂಗಳುಗಳಲ್ಲಿ ನಾನು ತೆಂಗು ಬಿಟ್ಟು ಅದರ ಜಾಗಕ್ಕೆ ಒಂದು ತುಂಡು ಪನೀರ್ ಹಾಕುತ್ತೇನೆ.

ಕೂಡಿಸುವುದು

ಬಟ್ಟಲಲ್ಲಿ ಆರು ಹಳದಿ. ಫೋರ್ಕ್‌ನಲ್ಲಿ ಪುಡಿಯಾಗುವ ತನಕ ಹಿಸುಕಿ. ಸಾಸಿವೆ ಅರೆದದ್ದು ಹಾಕಿ. ಈಗ ಎರಡು ಸಣ್ಣ ಚಮಚ ಎಣ್ಣೆ, ಒಮ್ಮೆಲೇ ಸುರಿಯದೆ ನಾಲ್ಕಾರು ಹನಿಯಂತೆ ಬಿಡುತ್ತಾ ತಿರುವುತ್ತಾ ಹೋಗಿ. ಮೊದಲು ಪುಡಿಪುಡಿಯಾಗಿ ಉದುರುತ್ತಿದ್ದದ್ದು ಒಂದು ಹಂತದಲ್ಲಿ ಮೆತ್ತಗೆ ಮಿರುಗುವ ಮುದ್ದೆಯಾಗುತ್ತದೆ, ಫೋರ್ಕ್ ಎಳೆದ ಗೆರೆಗಳು ಹಾಗೇ ನಿಲ್ಲುತ್ತವೆ. ಗಾಣದ ಕಡಲೆಕಾಯಿ ಎಣ್ಣೆ ನನಗೆ ಇಷ್ಟ, ಅದರ ವಾಸನೆ ಸಾಸಿವೆಗೆ ಜೊತೆಯಾಗುತ್ತದೆ. ವಾಸನೆ ಬೇಡದವರಿಗೆ ಸೂರ್ಯಕಾಂತಿ. ಆಮೇಲೆ ತೆಂಗು ರುಬ್ಬಿದ್ದು, ಕೊನೆಗೆ 100 ಗ್ರಾಂ ಕಟ್ಟಿದ ಮೊಸರು, ಎರಡು ಮೂರು ಸಲಕ್ಕೆ. ಮೊಸರು ಮೊದಲು ಹಾಕಿ ಎಣ್ಣೆ ಆಮೇಲೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ, ಈ ಕ್ರಮ ಬದಲಿಸಬೇಡಿ. ಉಪ್ಪು ರುಚಿ ನೋಡಿ ಹಾಕಿ, ಕಾಳುಮೆಣಸು ಸ್ವಲ್ಪ ಧಾರಾಳವಾಗಿಯೇ. ಮೊಸರು ಸಿಹಿಯಾಗಿದ್ದರೆ ಅರ್ಧ ನಿಂಬೆ.

ಬಣ್ಣ ನೋಡಿದರೆ ತಿಳಿ ಹಳದಿ, ಚಮಚದಿಂದ ಜಾರೋದಿಲ್ಲ. ಇದಕ್ಕೆ ಹೆಚ್ಚಿದ ಬಿಳಿ ಭಾಗ ಹಾಕಿ ಮೇಲಿಂದ ಕೆಳಗೆ ಮಗುಚಿ.

ಕಚಕಚ ಅನ್ನೋಕೆ ಬೇರೆ ದೇಶದವರು ಸೆಲರಿ ದಂಟು ಹಾಕುತ್ತಾರೆ. ನಮ್ಮಲ್ಲಿ ಕೊತ್ತಂಬರಿಯ ಎಳೆ ದಂಟನ್ನೇ ಸಣ್ಣಗೆ ಹೆಚ್ಚಿ ಹಾಕಿ, ಎಸೆಯೋ ಬದಲು. ಈರುಳ್ಳಿ ಹೆಚ್ಚಿ ನೀರಲ್ಲಿ ಒಮ್ಮೆ ಅಲ್ಲಾಡಿಸಿ ಬಟ್ಟೆಯಲ್ಲಿ ಹಿಂಡಿ. ಸೌತೆಕಾಯಿ ಹಾಕಲೇಬೇಕು ಅಂದರೆ ಬೀಜದ ತಿರುಳು ತೆಗೆದು, ಉಪ್ಪು ಸವರಿ ಕಾಲು ಗಂಟೆ ಬಿಟ್ಟು ಹಿಂಡಿ. ಎಲ್ಲಕ್ಕಿಂತ ಚೆನ್ನಾಗಿರೋದು ಅರೆಬಲಿತ ತೋತಾಪುರಿ ಮಾವಿನಕಾಯಿ. ಗಟ್ಟಿ, ಹುಳಿ, ನೀರು ಕಮ್ಮಿ. ಮಾರ್ಚಿನಿಂದ ಮೇವರೆಗೆ ಬೇರೆ ಏನೂ ಹುಡುಕೋದಿಲ್ಲ ನಾನು.

ಜಾಲರಿ ಪರೀಕ್ಷೆಯಲ್ಲಿ ಇದು ಬಿಟ್ಟದ್ದು ಲೋಟದ ತಳ ಮಬ್ಬಾಗುವಷ್ಟು ಮಾತ್ರ. ಮಯೋದಷ್ಟು ಒಣ ಅಲ್ಲ, ಆದರೆ ಬ್ರೆಡ್‌ಗೆ ಗೊತ್ತಾಗೋದಿಲ್ಲ.

ಲೆಕ್ಕ ಹಾಕೋಣ. ಆರು ಚಮಚ ಮಯೋಗೆ 540-600 ಕ್ಯಾಲೊರಿ. ಇಲ್ಲಿ ಮೊಸರಿಗೆ ಸುಮಾರು 100, ತೆಂಗಿಗೆ 50, ಎಣ್ಣೆಗೆ 80, ಒಟ್ಟು 230-240. ಜೊತೆಗೆ ಮೊಸರಿನಿಂದ 5-6 ಗ್ರಾಂ ಪ್ರೋಟೀನ್ ಹೆಚ್ಚಿಗೆ ಬರುತ್ತದೆ. ಎಣ್ಣೆಯನ್ನೂ ಬಿಟ್ಟರೆ ಇನ್ನೂ ಕಡಿಮೆ ಆಗುತ್ತಿತ್ತು, ಮಾಡಿಯೂ ನೋಡಿದೆ. ಎಣ್ಣೆ ಇಲ್ಲದೆ ಹಳದಿ ಪುಡಿಪುಡಿಯಾಗೇ ಉಳಿಯುತ್ತದೆ, ಮೊಸರುಬಜ್ಜಿಗೇ ವಾಪಸ್. ಆ 80 ಕ್ಯಾಲೊರಿಗೆ ನಾನು ಚೌಕಾಸಿ ಮಾಡೋದಿಲ್ಲ.

ಬ್ರೆಡ್ ಮತ್ತು ಡಬ್ಬಿ

ಬೇಕರಿಯ ಮೆತ್ತನೆ ಮಿಲ್ಕ್ ಬ್ರೆಡ್‌ಗೆ ಏನೇ ಸವರಿದರೂ ಹಸಿ ಗೋಡೆಗೆ ಸುಣ್ಣ ಬಳಿದ ಹಾಗೆ. ಗೋಧಿ ಬ್ರೆಡ್ ಆಗಲಿ, ಯಾವುದೇ ಆಗಲಿ, ಒಳಮೈಯನ್ನ ಕಾವಲಿ ಮೇಲೆ ಒಂದು ನಿಮಿಷ ಒಣಗಿಸಿ, ಪೂರ್ತಿ ಆರಿಸಿ. ಬಿಸಿ ಬ್ರೆಡ್ ಜೋಡಿಸಿದರೆ ಅದರ ಹಬೆಯೇ ನೀರಾಗಿ ಇಳಿಯುತ್ತದೆ. ಎರಡೂ ಕಡೆ ಎಲೆಕೋಸಿನ ತೆಳು ಎಲೆ ಒಂದೊಂದು ಹಾಸಿ ನಡುವೆ ಸಲಾಡ್ ಇಡಿ. ಲೆಟ್ಯೂಸ್‌ಗಿಂತ ಕೋಸು ವಾಸಿ, ಬಾಡೋದಿಲ್ಲ.

ಕೊನೆಯದು ಸುರಕ್ಷತೆ, ಇದರಲ್ಲಿ ಉದಾಸೀನ ಬೇಡ. ಹಸಿ ಮೊಟ್ಟೆ ಇಲ್ಲ ಅಂದ ಮಾತ್ರಕ್ಕೆ ಇದು ಹೊರಗೆ ಇಡುವ ಪದಾರ್ಥ ಆಗೋದಿಲ್ಲ. ಬೆಂದ ಮೊಟ್ಟೆ, ಮೊಸರು, ತೆಂಗು ಮೂರೂ ಬ್ಯಾಕ್ಟೀರಿಯಾಗೆ ಒಳ್ಳೆ ಊಟ. ಹೊರಗೆ ಎರಡು ಗಂಟೆಯ ಮೇಲೆ ಇಡಬಾರದು, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್‌ನಲ್ಲಿ ಅದೂ ಜಾಸ್ತಿಯೇ. ಆಫೀಸಿನಲ್ಲಿ ಫ್ರಿಜ್ ಇದ್ದರೆ ಹೋದ ಕೂಡಲೇ ಅದರಲ್ಲಿಡಿ. ಇಲ್ಲದಿದ್ದರೆ ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಚಪ್ಪಟೆ ಬಾಟಲಿಯನ್ನ ಡಬ್ಬಿಗೆ ಒತ್ತಿ, ಎರಡನ್ನೂ ದಪ್ಪ ಟವೆಲ್‌ನಲ್ಲಿ ಸುತ್ತಿ ಚೀಲಕ್ಕೆ ಹಾಕಿ. ಸಲಾಡ್ ಕೂಡ ಫ್ರಿಜ್‌ನಿಂದ ತಣ್ಣಗೆ ತೆಗೆದದ್ದೇ ಆಗಿರಬೇಕು, ಆಗಷ್ಟೇ ಕಲಸಿದ್ದಲ್ಲ. ಮಧ್ಯಾಹ್ನ ತೆರೆದಾಗ ಬಾಟಲಿಯಲ್ಲಿ ಇನ್ನೂ ಐಸ್ ಉಳಿದಿದ್ದು ಡಬ್ಬಿ ತಣ್ಣಗಿದ್ದರೆ ತಿನ್ನಿ, ಡಬ್ಬಿ ಬೆಚ್ಚಗಾಗಿದ್ದರೆ ಬೇಡ.

ಮನೆಯ ಫ್ರಿಜ್‌ನಲ್ಲಿ ತೆಂಗು ಹಾಕಿದ್ದನ್ನ ಮಾರನೇ ದಿನಕ್ಕೇ ಮುಗಿಸುತ್ತೇನೆ, ಪನೀರ್ ಹಾಕಿದ್ದು ಇನ್ನೊಂದು ದಿನ. ಎರಡನೇ ದಿನ ಸಾಸಿವೆಯ ಘಾಟು ಇಳಿದು ಹುಳಿ ಸ್ವಲ್ಪ ಏರಿರುತ್ತದೆ, ಆಗ ಬ್ರೆಡ್‌ಗಿಂತ ಬಿಸಿ ಅಕ್ಕಿರೊಟ್ಟಿ ಮೇಲೆ ತಣ್ಣಗೆ ಹಾಕಿಕೊಂಡರೆ ಚೆನ್ನ. ಮಕ್ಕಳಿಗೆ ಮಾಡುವಾಗ ಸಾಸಿವೆ ಕಾಲು ಚಮಚಕ್ಕೆ ಇಳಿಸಿ, ಹಸಿಮೆಣಸು ಬಿಡಿ.